ಕೂತು ಆಡುವವರ ಪಕ್ಷ

ವಿಡಿಯೋ ಗೇಮನ್ನು ಕೂತೇ ಆಡಬೇಕು ಎಂಬುದು ನನ್ನ ನಿಲುವು. ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಎರಡು ಹೆಬ್ಬೆರಳು ಬಿಟ್ಟರೆ ಮೈಯ ಬೇರಾವ ಭಾಗವೂ ಅಲುಗದಂತೆ. ನಾನು ಗೆಲ್ಲುತ್ತಿದ್ದೇನೋ ಸೋಲುತ್ತಿದ್ದೇನೋ, ಅಸಲಿಗೆ ಎಚ್ಚರವಾಗಿದ್ದೇನೋ ಇಲ್ಲವೋ ನೋಡುವವರಿಗೆ ತಿಳಿಯಬಾರದು. ಟಿವಿಯ ಮುಂದೆ ನಿಂತು, ಕೈಯಲ್ಲಿ ಒಂದು ಕೋಲು ಹಿಡಿದು, ಇಲ್ಲದ ಚೆಂಡಿಗೆ ಗಾಳಿಯಲ್ಲಿ ಬೀಸುವವರನ್ನು ಕಂಡರೆ ನನಗೆ ಬಸ್ಸಿನಲ್ಲಿ ಸ್ಪೀಕರ್ ಹಾಕಿಕೊಂಡು ಮನೆಯ ಜಗಳ ಆಡುವವರನ್ನು ಕಂಡಂತಾಗುತ್ತದೆ. ತಪ್ಪೇನೂ ಇಲ್ಲ, ಆದರೆ ಅಷ್ಟೆಲ್ಲ ನಮಗೆ ತಿಳಿಯಬೇಕಾಗಿರಲಿಲ್ಲ.

ಈ ನಿಲುವನ್ನು ಆರು ವರ್ಷ ಯಾರ ತಂಟೆಯೂ ಇಲ್ಲದೆ ಕಾಪಾಡಿಕೊಂಡಿದ್ದೆ. ಆಮೇಲೆ ನನ್ನ ಅಣ್ಣನ ಬಲಗೈ ಹೆಬ್ಬೆರಳು ಬಗ್ಗದೇ ಹೋಯಿತು.

ನಮ್ಮ ಮನೆ ವರ್ತೂರಿನಲ್ಲಿ. ಅಜ್ಜ ಅಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಈಗ ಅದೇ ಜಾಗದಲ್ಲಿ ಮೂರು ಮಹಡಿ ಬೆಳೆದಿದೆ. ಕೆಳಗೆ ಅಮ್ಮ, ಅಣ್ಣ, ನಾನು. ಮೇಲೆಲ್ಲ ಬಾಡಿಗೆಯವರು. ಅಣ್ಣ ವೈಟ್‌ಫೀಲ್ಡ್ ಕಡೆಯ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಾನೆ. ತಗಡು ಒತ್ತುವ ಅಚ್ಚುಗಳನ್ನು ತಯಾರಿಸುವುದು ಅವನ ಕಸುಬು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಒಂದು ಪ್ರಯೋಗಾಲಯದಲ್ಲಿ ಇದ್ದೇನೆ. ಕಾರ್ಖಾನೆಗಳ ಅಳತೆಯ ಸಾಧನಗಳು ನಮ್ಮಲ್ಲಿಗೆ ಬರುತ್ತವೆ. ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ನಾವು ಅಳೆದು ನೋಡುತ್ತೇವೆ. "ಅಳೆಯಾದ್ನೇ ಅಳೆಯೋ ಕೆಲ್ಸ" ಎಂದು ಅಮ್ಮ ನೆಂಟರಿಗೆ ವಿವರಿಸುತ್ತಾಳೆ. ನೆಂಟರು ಎರಡನೇ ಪ್ರಶ್ನೆ ಕೇಳುವುದಿಲ್ಲ.

ಗೇಮ್ ಕನ್ಸೋಲ್ ತಂದವನು ಅಣ್ಣ. ಅದರಲ್ಲಿ ನಾವಿಬ್ಬರೂ ಆಡುತ್ತಿದ್ದುದು ಒಂದೇ ಆಟ, ಟೆನ್ನಿಸ್. ನಿಜವಾದ ಟೆನ್ನಿಸ್ ರಾಕೆಟ್ಟನ್ನು ನಮ್ಮ ವಂಶದಲ್ಲಿ ಯಾರೂ ಮುಟ್ಟಿದ ದಾಖಲೆಯಿಲ್ಲ. ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದು ಬರದೆ ನಲವತ್ತು ಯಾಕೆ ಬರುತ್ತದೆ ಎಂಬುದರ ಬಗ್ಗೆ ನನಗೆ ಇಂದಿಗೂ ಅಸಮಾಧಾನವಿದೆ. ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಕಂಟ್ರೋಲರುಗಳಿಗೆ ನಮ್ಮ ಮನೆಯಲ್ಲಿ ಪ್ಯಾಡು ಎಂದು ಹೆಸರು. ಡಬ್ಬಿಯೊಳಗೆ ಎರಡು ಸಣ್ಣ ಕೋಲುಗಳೂ ಇದ್ದವು. ಅವನ್ನು ಹಿಡಿದು ಕೈ ಬೀಸಿದರೆ ಪರದೆಯ ಮೇಲಿನ ಆಟಗಾರನೂ ಹಾಗೆಯೇ ಬೀಸುತ್ತಾನೆ. ನಾವು ಅವನ್ನು ಬಿಚ್ಚಲೂ ಇಲ್ಲ. ಅಮ್ಮ ಪ್ಲಾಸ್ಟಿಕ್ ಸಮೇತ ಅವನ್ನು ಶೋಕೇಸಿನಲ್ಲಿ, ದೇವರ ಫೋಟೋಗೂ ನನ್ನ ಹೈಸ್ಕೂಲಿನ ಚರ್ಚಾಸ್ಪರ್ಧೆಯ ಕಪ್ಪಿಗೂ ನಡುವೆ ಇಟ್ಟಳು. ಬರೆದುಕೊಟ್ಟ ಭಾಷಣ ಓದಿ ಗೆದ್ದ ಕಪ್ಪು ಅದು. ನಾನು ಮಾತನಾಡುವವಳಲ್ಲ.

ನಮ್ಮ ಪಂದ್ಯ ಭಾನುವಾರ ಬೆಳಿಗ್ಗೆ, ತಿಂಡಿಯ ನಂತರ. ಒಂದು ಸೆಟ್ಟು. ಸೋತವರು ಟ್ಯಾಂಕಿಗೆ ಹೋಗಬೇಕು. ಸಂಪಿನಿಂದ ಟೆರೇಸಿನ ಟ್ಯಾಂಕಿಗೆ ನೀರು ಏರಿಸುವ ನಮ್ಮ ಮೋಟರಿಗೆ ತಾನಾಗಿ ನಿಲ್ಲುವ ಬುದ್ಧಿ ಇರಲಿಲ್ಲ. ಒಬ್ಬರು ಕೆಳಗೆ ಸ್ವಿಚ್ಚಿನ ಪಕ್ಕ, ಇನ್ನೊಬ್ಬರು ಮೇಲೆ ಟ್ಯಾಂಕಿನ ಪಕ್ಕ ನಿಲ್ಲಬೇಕು, ತುಂಬಿದ ಕೂಡಲೇ ಮೇಲಿನವರು "ತುಂಬ್ತು!" ಎಂದು ಕೂಗಬೇಕು. ತುಂಬಲು ಹನ್ನೊಂದು ನಿಮಿಷ. ಮೂರು ಮಹಡಿ ಕೆಳಗೆ ಕೇಳುವಂತೆ ಕೂಗಿದರೆ ಬೀದಿಯ ಆ ತುದಿಯ ಬೇಕರಿಗೂ ಕೇಳುತ್ತದೆ. ಹೀಗೆ ಕೂಗುವುದು ನನಗೆ ಎಷ್ಟು ಸಂಕಟವೆಂದರೆ, ನಾನು ಟೆನ್ನಿಸ್‌ನಲ್ಲಿ ಅಷ್ಟು ಚೆನ್ನಾಗಿ ಪಳಗಿದ್ದಕ್ಕೆ ಬೇರೆ ಕಾರಣವೇ ಇರಲಿಲ್ಲ.

ಇನ್ನೊಂದು ನಿಯಮವೂ ಇತ್ತು: ಬೇಕೆಂದೇ ಸೋಲುವಂತಿಲ್ಲ. ನನಗೆ ಹನ್ನೊಂದು ವರ್ಷವಿದ್ದಾಗ ಅಣ್ಣ ಕೇರಂನಲ್ಲಿ ನನಗೆ ಒಮ್ಮೆ ಬಿಟ್ಟುಕೊಟ್ಟಿದ್ದ. ಅದು ಗೊತ್ತಾದಾಗ ನಾನು ಸ್ಟ್ರೈಕರನ್ನು ಸಂಪಿಗೆ ಎಸೆದೆ. ಅದು ಇನ್ನೂ ಅಲ್ಲೇ ಇದೆ. ಆ ನಿಯಮ ಮಾಡಿದವಳು ನಾನು.

ಆ ಭಾನುವಾರ ನಾನು ಆರು–ಮೂರರಲ್ಲಿ ಗೆದ್ದೆ. ಅಣ್ಣ ಗೊಣಗುತ್ತಾ ಮೇಲೆ ಹೋದ. ಟ್ಯಾಂಕಿನ ಮುಚ್ಚಳ ಕೋತಿಗಳ ಕೃಪೆಯಿಂದ ಎಂದೋ ಒಡೆದಿತ್ತು. ಅದರ ಬದಲು ಒಂದು ತಗಡು, ತಗಡಿನ ಮೇಲೊಂದು ಕಲ್ಲು. ಸರಿಯಾಗಿ ಹನ್ನೊಂದನೇ ನಿಮಿಷಕ್ಕೆ "ತುಂಬ್ತು!" ಕೇಳಿಸಿತು. ಮೋಟರ್ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಅಣ್ಣ ಬಲಗೈಗೆ ಯಾರೋ ಬಾಡಿಗೆಯವರು ಒಣಹಾಕಿದ್ದ ಪಂಚೆ ಸುತ್ತಿಕೊಂಡು ಇಳಿದು ಬಂದ. ಪಂಚೆ ಮೊದಲೇ ಕೆಂಪಗಿತ್ತೇನೋ ಎಂದು ನಾನು ಒಂದು ಕ್ಷಣ ಅಂದುಕೊಂಡೆ.

"ತಗಡು ಜಾರ್ತು ಕಣೇ," ಅಂದ. "ಮೊದ್ಲು ಕೂಗ್ದೆ, ಆಮೇಲೆ ಕೈ ನೋಡ್ಕೊಂಡೆ. ನೀರು ವೇಸ್ಟಾಗ್ಬಾರ್ದಲ್ಲ."

ಹೆಬ್ಬೆರಳನ್ನು ಮಡಚುವ ನರ ತುಂಡಾಗಿತ್ತು. ಹೊಲಿದರು. ಕಟ್ಟು ಬಿಚ್ಚುವ ಹೊತ್ತಿಗೆ ಬೆರಳಿನ ಗೆಣ್ಣು ಬಿಗಿದುಕೊಂಡಿತ್ತು; ವ್ಯಾಯಾಮ ಮಾಡಿದರೆ ಒಂದಿಷ್ಟು ಸಡಿಲವಾದೀತು, ಮೊದಲಿನಂತಾಗದು ಎಂದರು. ಕೆಲಸಕ್ಕೆ ತೊಂದರೆಯಾಗಲಿಲ್ಲ. ಅರ ಹಿಡಿಯುವುದು, ಸುತ್ತಿಗೆ ಹಿಡಿಯುವುದು ಎಲ್ಲ ಅಂಗೈಯ ಕೆಲಸ. ನಾಲ್ಕೇ ಬೆರಳಲ್ಲಿ ಮುದ್ದೆ ಮುರಿಯುವುದನ್ನು ಮೂರನೇ ದಿನಕ್ಕೆ ಕಲಿತ. ಹೆಬ್ಬೆರಳು ಮಾತ್ರ ಸದಾ ನೆಟ್ಟಗೆ ನಿಂತಿರುತ್ತಿತ್ತು.

"ಸೂಪರ್‌ವೈಸರ್ ಏನೇ ಬೊಗಳಿದ್ರೂ ಸೂಪರ್ ಅಂದಂಗೇ ಕಾಣುತ್ತೆ," ಎಂದು ಅದನ್ನು ತೋರಿಸಿ ನಗುತ್ತಿದ್ದ. "ಈ ವರ್ಷ ಪ್ರಮೋಷನ್ ಗ್ಯಾರಂಟಿ."

ಆದರೆ ಪ್ಯಾಡಿನಲ್ಲಿ ಚೆಂಡು ಹೊಡೆಯುವ ನಾಲ್ಕು ಗುಂಡಿಗಳೂ ಇರುವುದು ಬಲ ಹೆಬ್ಬೆರಳಿನ ಕೆಳಗೆ. ಅಣ್ಣ ತೋರುಬೆರಳನ್ನು ಮೇಲಿನಿಂದ ಏಡಿಯಂತೆ ಬಗ್ಗಿಸಿ ಒತ್ತಲು ನೋಡಿದ. ಪ್ರತಿ ಹೊಡೆತವೂ ಒಂದು ರೆಪ್ಪೆ ಬಡಿಯುವಷ್ಟು ತಡ. ಆ ಆಟದಲ್ಲಿ ಅಷ್ಟು ತಡವೆಂದರೆ ಚೆಂಡು ಹೋಗಿ ಊಟ ಮುಗಿಸಿರುತ್ತದೆ.

ನಾನು ಸೋಲಲು ಶುರುಮಾಡಿದೆ.

ಕೆಟ್ಟದಾಗಿ ಸೋತರೆ ಗೊತ್ತಾಗುತ್ತದೆಂದು ಅಳತೆಯಿಟ್ಟು ಸೋತೆ. ಮೊದಲ ವಾರ ಏಳು–ಐದು, ಎರಡನೇ ವಾರ ಆರು–ನಾಲ್ಕು, ಮೂರನೇ ವಾರ ಮತ್ತೆ ಏಳು–ಐದು. ಮೂರು ವಾರವೂ ನಾನೇ ಟೆರೇಸಿಗೆ ಹೋಗಿ ಬೇಕರಿಗೆ ಕೇಳುವಂತೆ ಕೂಗಿದೆ. ಅವನ ಬೆರಳಿಗಾಗಿ ಹೀಗೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೆಂದರೆ ಅವನು ಮತ್ತೆ ಆ ತಗಡಿನ ಹತ್ತಿರ ಹೋಗುವುದು ನನಗೆ ಬೇಡವಾಗಿತ್ತು. ಅವನನ್ನು ಅವತ್ತು ಮೇಲೆ ಕಳಿಸಿದ್ದು ನನ್ನ ಗೆಲುವೇ ತಾನೆ.

ನಾಲ್ಕನೇ ಭಾನುವಾರ, ಎರಡನೇ ಗೇಮಿನ ನಡುವೆ, ಅಣ್ಣ ಪ್ಯಾಡನ್ನು ನೆಲದ ಮೇಲಿಟ್ಟ.

"ಲೇ. ಮೂರು ವಾರದಿಂದ ನೀನು ಸರ್ವೀಸ್ ತಪ್ಪು ಮಾಡೋದು ನಲವತ್ತು–ಮೂವತ್ತರಲ್ಲಿ ಮಾತ್ರ. ಬೇರೆ ಯಾವಾಗ್ಲೂ ಇಲ್ಲ."

"ಬೆರಳು ಜಾರ್ತು."

"ನಿನ್ ಬೆರಳಾ? ಆರು ವರ್ಷದಲ್ಲಿ ನೀನ್ ಮಾಡಿರೋ ತಪ್ಪು ಒಂದ್ ಕೈಲಿ ಎಣಿಸ್ಬೋದು. ಈ ಕೈಲೇ ಎಣಿಸ್ಬೋದು." ಬಲಗೈ ಎತ್ತಿ ತೋರಿಸಿದ. "ನಿನ್ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ, ಅದೇ ಪ್ರಾಬ್ಲಮ್ಮು. ನಿಜವಾಗ್ಲೂ ಸೋತ್ರೂ ಅದೇ ಮುಖ, ಬಿಟ್ಕೊಟ್ರೂ ಅದೇ ಮುಖ. ಇನ್ಮೇಲೆ ನೀನು ಗೆದ್ರೂ ನಾನ್ ನಂಬಕ್ಕಾಗಲ್ಲ, ಸೋತ್ರೂ ನಂಬಕ್ಕಾಗಲ್ಲ."

ಅವನು ಎದ್ದು ಬೈಕ್ ತೆಗೆದುಕೊಂಡು ಹೋದ. ಮಧ್ಯಾಹ್ನ ಬರುವಾಗ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ: ಟ್ಯಾಂಕು ತುಂಬಿದರೆ ಮೋಟರನ್ನು ತಾನೇ ನಿಲ್ಲಿಸುವ ಆಟೋಮ್ಯಾಟಿಕ್ ಸ್ವಿಚ್ಚು. ಒಂದೇ ಗಂಟೆಯಲ್ಲಿ ಕೂರಿಸಿದ. ಅವನಂಥ ಕೆಲಸಗಾರನಿಗೆ ಅದು ಆರು ವರ್ಷದ ಹಿಂದೆಯೂ ಒಂದೇ ಗಂಟೆಯ ಕೆಲಸವಾಗಿತ್ತು. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರೂ ಯಾವತ್ತೂ ಆ ಮಾತು ಎತ್ತಿರಲಿಲ್ಲ.

ಅಮ್ಮನಿಗೆ ಖುಷಿಯೋ ಖುಷಿ. "ಇಷ್ಟ್ ದಿನ ಯಾಕ್ಲಾ ಆಕ್ಲಿಲ್ಲ ಇದ್ನ?" ಎಂದು ಕೇಳಿದಳು. ಅಣ್ಣ ನನ್ನ ಕಡೆ ನೋಡಲಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ ಸ್ವಿಚ್ಚು 'ಟಕ್' ಅನ್ನುತ್ತಿತ್ತು. ನಾನು ಹಲ್ಲುಜ್ಜುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಅಣ್ಣ ನನ್ನ ಜೊತೆ ಮಾತು ಬಿಡಲಿಲ್ಲ. ಸಾರು ಬಡಿಸು ಅನ್ನುತ್ತಿದ್ದ, ಚಾರ್ಜರ್ ಎಲ್ಲಿ ಅನ್ನುತ್ತಿದ್ದ. ಆಟಕ್ಕೆ ಮಾತ್ರ ಕರೆಯಲಿಲ್ಲ. ನನ್ನ ಬದುಕಿನಲ್ಲಿ ನನಗೆ ಮುಖಕ್ಕೆ ಮುಖ ಕೊಟ್ಟು ಬೈಯುವ ಒಬ್ಬನೇ ಮನುಷ್ಯ ಅವನು, ಅದೂ ಪಂದ್ಯದ ಹೊತ್ತಿನಲ್ಲಿ ಮಾತ್ರ. ಭಾನುವಾರ ಕಂಪ್ಯೂಟರಿನ ಎದುರು ಆಡಿ ನೋಡಿದೆ. ಕಂಪ್ಯೂಟರ್ ಸಭ್ಯವಾಗಿ ಸೋಲುತ್ತದೆ. ಅದರಂಥ ಬೇಜಾರು ಮತ್ತೊಂದಿಲ್ಲ.

ಆರು ವಾರ ಹೀಗೆ ಹೋದ ಮೇಲೆ ಒಂದು ಭಾನುವಾರ ಮೊದಲ ಮಹಡಿಯ ಬಾಡಿಗೆಯವನು ಬಾಗಿಲು ತಟ್ಟಿದ. ಬೊಮ್ಮನಹಳ್ಳಿಯಲ್ಲಿ ಹುಟ್ಟಿ ಬೆಳೆದವನು, ಆಫೀಸಿಗೆ ಹತ್ತಿರವೆಂದು ಇಲ್ಲಿ ಮನೆ ಮಾಡಿದ್ದ. ರಜೆಯ ದಿನ ಅವನೂ ಅವನ ಗೆಳೆಯರೂ ಇಂಥದೇ ಕನ್ಸೋಲಿನಲ್ಲಿ ಕೋಲು ಹಿಡಿದು ಬಾಕ್ಸಿಂಗ್ ಆಡುತ್ತಿದ್ದರು. ನಮ್ಮ ಹಾಲಿನ ಸೀಲಿಂಗ್ ಫ್ಯಾನು ನಡುಗುವುದರಿಂದ ನಮಗೆ ಅದು ತಿಳಿಯುತ್ತಿತ್ತು.

"ಏನ್ ಗುರು, ಈಗ ಯಾರೂ ತುಂಬ್ತು ಅಂತ ಕೂಗ್ತಾನೇ ಇಲ್ಲ?" ಎಂದ ಅಣ್ಣನಿಗೆ. "ಭಾನುವಾರ ಅದೇ ನನ್ ಅಲಾರಂ. ಅದಿಲ್ದೆ ಹನ್ನೆರಡಕ್ಕೆ ಏಳ್ತಿದೀನಿ." ಅಷ್ಟರಲ್ಲಿ ಅವನ ಕಣ್ಣು ಶೋಕೇಸಿನ ಮೇಲೆ ಬಿತ್ತು. "ಅಯ್ಯೋ! ಕವರ್ ಕೂಡ ಬಿಚ್ಚಿಲ್ವಲ್ರೋ! ಮೇಡಂ, ಇಷ್ಟು ವರ್ಷ ಇದನ್ನಿಟ್ಕೊಂಡು ನೀವು ಗುಂಡಿ ಒತ್ತಿದ್ರಾ?"

"ಹೌದು," ಅಂದೆ.

"ಗುಂಡಿ ಒತ್ತೋದು ಲಿಫ್ಟಲ್ಲಿ ಮೇಡಂ! ಬ್ಯಾಟ್ ಬೀಸ್ಬೇಕು ಅಂದ್ರೆ ಕೈ ಬೀಸ್ಬೇಕು. ಅದು ಆಟ."

ನಾನು ಬಾಡಿಗೆಯವರೊಡನೆ ವಾದ ಮಾಡುವವಳಲ್ಲ. ಆದರೆ ಆರು ವಾರದಿಂದ ಯಾರೂ ನನ್ನನ್ನು ಕೆಣಕಿರಲಿಲ್ಲ. "ಲಿಫ್ಟು ಒತ್ತಿದ ಮಹಡಿಗೇ ಹೋಗುತ್ತೆ," ಅಂದೆ. "ನಿಮ್ಮ ಕೋಲು ಮೂರು ಅಂದ್ರೆ ಐದಕ್ಕೆ ಹೋಗುತ್ತೆ."

"ಇಲ್ಲ ಮೇಡಂ, ಈಗ ತುಂಬಾ ಕರೆಕ್ಟಾಗಿದೆ. ನಮ್ ಗ್ಯಾಂಗಲ್ಲಿ ಒಬ್ಬ ಸೋಫಾದಲ್ಲಿ ಮಲ್ಕೊಂಡು ಬರೀ ಮಣಿಕಟ್ಟು ಅಲ್ಲಾಡ್ಸಿ ಎಲ್ರುನ್ನೂ ಸೋಲ್ಸಿಬಿಟ್ಟ. ಅಷ್ಟು ಸೂಕ್ಷ್ಮ. ಅದಕ್ಕೇ ಸೋಫಾ ಬ್ಯಾನ್ ಮಾಡಿದೀವಿ."

"ಅಂದ್ರೆ ಕೈ ಬೀಸೋ ಅಗತ್ಯವೇ ಇಲ್ಲ. ಆದ್ರೂ ಬೀಸ್ಬೇಕು ಅಂತ ನೀವೇ ಕಾನೂನು ಮಾಡ್ಕೊಂಡಿದೀರ."

ಅಣ್ಣ ನಕ್ಕ. ಆರು ವಾರದಲ್ಲಿ ಮೊದಲ ಸಲ. ಆಮೇಲೆ ಎದ್ದು ಶೋಕೇಸು ತೆರೆದು ಒಂದು ಕೋಲಿನ ಕವರನ್ನು ಹಲ್ಲಿನಿಂದ ಕಚ್ಚಿ ಹರಿದ. ಅಂಗೈಯಲ್ಲಿಟ್ಟು ನಾಲ್ಕು ಬೆರಳು ಮಡಚಿದ. ಹೆಬ್ಬೆರಳು ಎಂದಿನಂತೆ ಎಲ್ಲವನ್ನೂ ಮೆಚ್ಚಿಕೊಂಡು ಮೇಲೆ ನಿಂತಿತ್ತು. ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಅವತ್ತು ಅವನು ಬಾಡಿಗೆಯವನನ್ನು ಎರಡು ಸೆಟ್ಟು ಸೋಲಿಸಿದ. ಅವನ ಹೊಡೆತಕ್ಕೆ ಸಿಕ್ಕಿ ಒಂದು ಪ್ಲಾಸ್ಟಿಕ್ ಹೂದಾನಿಯೂ ಕ್ಯಾಲೆಂಡರಿನ ಒಂದು ತಿಂಗಳೂ ಹೋದವು. ಅಮ್ಮ ಅಡುಗೆಮನೆಯಿಂದ ಬಂದು, "ಯಾಕಿಂಗ್ ಕುಣೀತಾವ್ನೆ ಇವ್ನು? ಮೈಮ್ಯಾಲೆ ಇರುವೆ ಬಿಟ್ಕೊಂಡವ್ನಾ?" ಎಂದು ಕೇಳಿದಳು. ನಾನು ಗೋಡೆಗೊರಗಿ ಕೂತೇ ಇದ್ದೆ. ಬಾಡಿಗೆಯವನು ಹೋದ ಮೇಲೆ ನನ್ನ ಪ್ಯಾಡು ಕೈಗೆತ್ತಿಕೊಂಡೆ.

"ನೀನು ಕೋಲಲ್ಲಿ ಆಡು, ನಾನು ಇದ್ರಲ್ಲಿ ಆಡ್ತೀನಿ. ಆಟ ಎರಡನ್ನೂ ಒಪ್ಪುತ್ತೆ."

"ಆಗಲ್ಲ."

"ಯಾಕೆ?"

"ಅದ್ರಲ್ಲಿ ನೀನು ಬಿಟ್ಕೊಟ್ರೆ ನಂಗೆ ಗೊತ್ತಾಗಲ್ಲ. ಕೈ ಬೀಸಿದ್ರೆ ಗೊತ್ತಾಗುತ್ತೆ. ಭುಜ ಸುಳ್ಳು ಹೇಳಲ್ಲ." ಇನ್ನೊಂದು ಕೋಲನ್ನು ನನ್ನ ಮುಂದೆ ಹಿಡಿದ. "ಎದ್ದು ನಿಂತು ಆಡ್ತೀಯಾ, ಆಡು. ಇಲ್ಲಾಂದ್ರೆ ಬೇಡ."

ಕೂತು ಆಡುವುದರಲ್ಲಿ ನನಗೆ ಪ್ರಿಯವಾದದ್ದು ಯಾವುದೋ, ಅವನಿಗೆ ಬೇಡವಾದದ್ದು ಅದೇ. ನಾನು ನೇರ ಉತ್ತರ ಕೊಡದೆ ವೃತ್ತಿಯ ಮರೆಗೆ ಸರಿದೆ. "ಆ ಸಾಧನದ ಮೇಲೆ ನನಗೆ ನಂಬಿಕೆ ಇಲ್ಲ," ಅಂದೆ. "ಸುಮ್ನೆ ಇಟ್ರೂ ಕದಲ್ತಿದೆ ಅಂತ ತೋರಿಸುತ್ತೆ, ಅದರ ಸೊನ್ನೆ ಜರುಗುತ್ತೆ. ತಪ್ಪು ಅಳೆಯೋ ಸಾಧನದಲ್ಲಿ ನಾನು ಆಡಲ್ಲ."

"ಪ್ರೂವ್ ಮಾಡು," ಎಂದ ಅಚ್ಚು ಮಾಡುವವನು.

ಮಾಡೋಣ ಎಂದುಕೊಂಡೆ. ಮರುದಿನ ಕನ್ಸೋಲನ್ನೂ ಒಂದು ಕೋಲನ್ನೂ ಬ್ಯಾಗಿಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಒಯ್ದೆ. ಊಟದ ಬಿಡುವಿನಲ್ಲಿ, ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದಾಗ, ನಮ್ಮ ಗ್ರಾನೈಟ್ ಮೇಜಿನ ಮೇಲೆ ಕೋಲನ್ನು ಮಲಗಿಸಿದೆ. ಆ ಮೇಜಿಗಿಂತ ಸಮತಟ್ಟಾದ ಜಾಗ ವರ್ತೂರು ಹೋಬಳಿಯಲ್ಲೇ ಇಲ್ಲ. ಕನ್ಸೋಲನ್ನು ಅಲ್ಲಿನ ಕಂಪ್ಯೂಟರ್ ಪರದೆಗೆ ಜೋಡಿಸಿ, ಕೋಲು ತೋರಿಸಿದತ್ತ ಸರಿಯುವ ಚುಕ್ಕೆ ಎಲ್ಲಿದೆ ಎಂದು ಗುರುತು ಹಾಕಿ ಅರ್ಧ ಗಂಟೆ ಕಾದೆ. ಚುಕ್ಕೆ ಕದಲಲಿಲ್ಲ. ಐದು ಡಿಗ್ರಿ ಓರೆಮಾಡಿ ಮತ್ತೆ ಮಲಗಿಸಿದೆ. ಚುಕ್ಕೆ ಹೊರಟಲ್ಲಿಗೇ ಬಂದು ನಿಂತಿತು. ಹತ್ತು ಸಲ ಮಾಡಿದೆ. ಹತ್ತು ಸಲವೂ ಆ ದರಿದ್ರ ಚುಕ್ಕೆ ಮನೆಗೆ ಬಂತು.

ಸಹೋದ್ಯೋಗಿಯೊಬ್ಬರು ಕೈ ಒರೆಸಿಕೊಳ್ಳುತ್ತಾ ಬಂದು ಇಣುಕಿದರು. "ಹೊಸ ಇನ್‌ಸ್ಟ್ರುಮೆಂಟಾ?"

"ಹೌದು."

"ಯಾವ ಕಂಪನಿದು?"

"ಮನೆದು."

ಅವರು ತಲೆಯಾಡಿಸಿ ಹೋದರು. ನನ್ನ ಸಹೋದ್ಯೋಗಿಗಳಲ್ಲಿ ನನಗೆ ಇಷ್ಟವಾದ ಗುಣ ಅದು. ನಾನು ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡೆ. ಫಲಿತಾಂಶವನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ. ವಿಜ್ಞಾನದ ಇತಿಹಾಸದಲ್ಲಿ ಹೀಗೆ ಮಾಡಿದವಳು ನಾನೇ ಮೊದಲಿಗಳಾಗಿರಲಾರೆ.

ಎರಡು ದಿನ ಕಳೆದ ಮೇಲೆ, ಸಂಜೆ, ನಾನು ಹಾಲಿನಲ್ಲಿ ಸೊಳ್ಳೆ ಬ್ಯಾಟು ಹಿಡಿದು ಓಡಾಡುತ್ತಿದ್ದೆ. ಕೆರೆಯ ಪಕ್ಕದ ಮನೆಗಳಲ್ಲಿ ಅದು ದೀಪ ಹಚ್ಚುವಷ್ಟೇ ತಪ್ಪದ ಸಂಜೆಯ ಕೆಲಸ. ಅಣ್ಣ ಕೋಲನ್ನು ಕೈಯಲ್ಲಿ ತಿರುಗಿಸುತ್ತಾ ಒಳಗೆ ಬಂದ. ಅವನ ಮುಖ ಹಬ್ಬದಂತಿತ್ತು.

"ಲೇ, ಇದೇನೇ ಇದು?"

ಕೋಲಿನ ಹಿಂಬದಿಯಲ್ಲಿ ಒಂದು ಹಸಿರು ಚೀಟಿ ಅಂಟಿತ್ತು. ನಮ್ಮಲ್ಲಿ ಪರೀಕ್ಷೆಯಲ್ಲಿ ಪಾಸಾದ ಪ್ರತಿ ಸಾಧನಕ್ಕೂ ಅಂಟಿಸುವ ಚೀಟಿ. ಪರೀಕ್ಷಿಸಿದ ದಿನ, ಮುಂದೆ ಪರೀಕ್ಷಿಸಬೇಕಾದ ದಿನ, ಕೆಳಗೆ ನನ್ನ ಸಹಿ. ದಿನಕ್ಕೆ ನಲವತ್ತು ಸಾಧನಗಳಿಗೆ ಅಂಟಿಸುವ ಕೈ. ತಲೆ ಬೇರೇನೋ ಯೋಚಿಸುತ್ತಿದ್ದಾಗ ಅದು ನಲವತ್ತೊಂದನೆಯದಕ್ಕೂ ಅಂಟಿಸಿಬಿಟ್ಟಿತ್ತು. ಅಣ್ಣನ ಟೂಲ್ ರೂಮಿನ ಪ್ರತಿ ಮೈಕ್ರೋಮೀಟರಿನ ಮೇಲೂ ಅದೇ ಬಣ್ಣದ ಚೀಟಿ ಇರುತ್ತದೆ. ಬೇರೆ ಯಾವ ಮನೆಯಲ್ಲಾದರೂ ನಾನು ಪಾರಾಗಬಹುದಿತ್ತು.

"ಪಾಸು!" ಎಂದು ಅವನು ಕುಣಿದ. "ಅಮ್ಮಾ, ಬಾ ಇಲ್ಲಿ! ನಿನ್ ಮಗಳು ಇದನ್ನ ಆಫೀಸಿಗ್ ತಗೊಂಡೋಗಿ, ಪಾಸ್ ಮಾಡಿ, ಸೈನ್ ಹಾಕಿ, ಬಂದು ಬಾಯ್ ಮುಚ್ಕೊಂಡವ್ಳೆ! ಒಂದು ವರ್ಷ ವ್ಯಾಲಿಡಿಟಿ ಬೇರೆ!"

"ಅಂಗಂದ್ರೆ?" ಎಂದಳು ಅಮ್ಮ.

"ಅಂಗಂದ್ರೆ ಭಾನುವಾರ ಇವ್ಳು ನಿಂತ್ಕೊಂಡು ಆಡ್ತಾಳೆ."

ಸಹಿ ನನ್ನದೇ ಆಗಿತ್ತು. ನನ್ನ ಸಹಿಯನ್ನು ನಾನು ಅಲ್ಲಗಳೆಯುವುದಿಲ್ಲ.

ಭಾನುವಾರ ತಿಂಡಿಯ ನಂತರ ಅಣ್ಣ ಹೇಳಿದ: "ಆಟೋಮ್ಯಾಟಿಕ್ ಸ್ವಿಚ್ಚಿನ ವೈರ್ ತೆಗೆದಿದೀನಿ. ಸೋತೋರು ಮೇಲೆ."

ಅಮ್ಮ 'ಆ ತಗಡು' ಎಂದು ಶುರುಮಾಡುವಷ್ಟರಲ್ಲಿ, "ಅಂಚು ಮಡ್ಚಿದೀನಿ ಕಣಮ್ಮ, ಈಗ ಕುಯ್ಯಲ್ಲ," ಅಂದ.

ಅಂಪೈರ್ ಆಗಲು ಬಾಡಿಗೆಯವನು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದಿದ್ದ. ಅಮ್ಮ ಅಂಗಳದಲ್ಲಿ ಒಣಮೆಣಸಿನಕಾಯಿ ಹರವಿದ್ದರಿಂದ ಮುಂಬಾಗಿಲು ಹಾಕುವಂತಿರಲಿಲ್ಲ. ಮೆಟ್ಟಿಲು ಇಳಿಯುತ್ತಿದ್ದ ಎರಡನೇ ಮಹಡಿಯ ಗಂಡ ಹೆಂಡತಿ ತರಕಾರಿ ಚೀಲದೊಡನೆ ಅಲ್ಲೇ ನಿಂತರು. ನಾನು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಕೋಲಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಂಡು ಟಿವಿಯ ಮುಂದೆ ನಿಂತೆ. ಕೈಯನ್ನು ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ. ಕೂತಾಗ ಈ ಪ್ರಶ್ನೆ ಬರುವುದಿಲ್ಲ.

ಮೊದಲು ಸೋಫಾದವನ ವಿದ್ಯೆ ಪ್ರಯೋಗಿಸಿದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮಣಿಕಟ್ಟು ಮಾತ್ರ ಕುಲುಕಿದೆ.

"ಮೇಡಂ, ಮೊಣಕೈ ಆಚೆ ಬರ್ಬೇಕು," ಎಂದ ಅಂಪೈರ್.

"ನಿಂತ್ರೂ ಕೂತು ಆಡೋ ಬುದ್ಧಿ ಹೋಗ್ಲಿಲ್ಲ ನೋಡು," ಎಂದ ಅಣ್ಣ.

ಮೊಣಕೈ ಆಚೆ ಬಂತು. ಮೊದಲ ನಾಲ್ಕು ಗೇಮು ಸತತವಾಗಿ ಸೋತೆ. ಚೆಂಡು ಬರುವ ಮೊದಲೇ ಬೀಸುತ್ತಿದ್ದೆ, ಇಲ್ಲವೇ ಅದು ಹೋದ ಮೇಲೆ ಬೀಳ್ಕೊಡುತ್ತಿದ್ದೆ. ಎರಡನೇ ಮಹಡಿಯ ಹೆಂಡತಿ ಗಂಡನಿಗೆ ಏನೋ ಪಿಸುಗುಟ್ಟಿದರು. ನನಗೆ ಕಿವಿ ಬಿಸಿಯಾಯಿತು.

"ಚಪ್ಪಲಿ ಹಾಕ್ಕೊಂಬಿಡು ಈಗ್ಲೇ," ಅಣ್ಣ ಹೇಳಿದ. "ಟೆರೇಸು ಬಿಸಿ ಇರುತ್ತೆ."

"ಏ, ಅದೇನೇ ಪೂಜೆ ಮಾಡ್ದಂಗೆ ಕೈ ಆಡುಸ್ತೀಯ!" ಅಮ್ಮ ಮೆಣಸಿನಕಾಯಿ ಬಿಟ್ಟು ಒಳಗೆ ಬಂದಿದ್ದಳು. "ಸೊಳ್ಳೆ ಒಡ್ಯಂಗ್ ಒಡಿ!"

ಸೊಳ್ಳೆ. ಅದು ನನಗೆ ಗೊತ್ತಿತ್ತು. ಹತ್ತು ವರ್ಷದ ಅಭ್ಯಾಸ. ಅದು ಬರುವ ದಾರಿಯಲ್ಲಿ ಮೊದಲೇ ಕಾಯಬೇಕು, ಹತ್ತಿರ ಬಂದಾಗ ಹಿಂದೆಮುಂದೆ ನೋಡಬಾರದು. ಐದನೇ ಗೇಮಿನಿಂದ ಪರದೆಯ ಮೇಲೆ ಬಂದದ್ದು ನನಗೆ ಚೆಂಡಲ್ಲ. ವರ್ತೂರು ಕೆರೆಯಿಂದ ಹೊರಟು ನಮ್ಮ ಹಾಲಿಗೇ ಬರುತ್ತಿದ್ದ ಹಳದಿ ಸೊಳ್ಳೆ. ನಾಲ್ಕು–ಎರಡು. ನಾಲ್ಕು–ನಾಲ್ಕು. ಅಣ್ಣ ಮಾತು ನಿಲ್ಲಿಸಿ ಅಂಗಿಯ ತೋಳು ಮಡಚಿದ. ಐದು–ಐದು. ನನ್ನ ಜಡೆ ಬಿಚ್ಚಿತ್ತು, ಕನ್ನಡಕ ಬೆವರಿಗೆ ಜಾರುತ್ತಿತ್ತು, ನಾನು ಏದುಸಿರು ಬಿಡುತ್ತಿರುವುದು ಎಲ್ಲರಿಗೂ ಕೇಳುತ್ತಿತ್ತು. ಆರು–ಐದು, ಮುಂದಿದ್ದವಳು ನಾನು. ನಲವತ್ತು–ಮೂವತ್ತು.

ಸರ್ವೀಸ್ ನನ್ನದು. ಅಣ್ಣ ಒಮ್ಮೆ ತಿರುಗಿ ನನ್ನ ಮುಖ ನೋಡಿದ. ಮೂರು ಭಾನುವಾರ ನಾನು ಬೇಕೆಂದು ತಪ್ಪಿದ ಅಂಕ ಇದೇ. ಸೋತರೆ ನಾನೇ ಮೇಲೆ ಹೋಗಬಹುದು, ಅವನು ಕೆಳಗೇ ಇರುತ್ತಾನೆ ಎಂಬ ಯೋಚನೆ ಆಗಲೂ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅಷ್ಟರಲ್ಲಿ ಚೆಂಡು ಆಚೆ ಹೋಗಿ ಈಚೆ ಬಂದಿತ್ತು, ಭುಜ ನನ್ನನ್ನು ಕೇಳದೆ ಬೀಸಿತ್ತು. ಮೊಣಕೈ ಶೋಕೇಸಿಗೆ ಬಡಿದು ಚರ್ಚಾಸ್ಪರ್ಧೆಯ ಕಪ್ಪು ಕೆಳಗೆ ಬಿತ್ತು. ನಾನು ಕೂಗಿದೆ. ಏನು ಕೂಗಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡನೇ ಮಹಡಿಯವರು ಈಗಲೂ ನನ್ನನ್ನು ಕಂಡರೆ ತುಸು ಹೆಚ್ಚು ಗೌರವ ಕೊಡುತ್ತಾರೆ.

"ಗೇಮ್, ಸೆಟ್, ಓನರ್ ಮೇಡಂ!" ಎಂದ ಅಂಪೈರ್.

ಅಣ್ಣ ನನ್ನನ್ನೇ ನೋಡುತ್ತಿದ್ದ: ಬಿಚ್ಚಿದ ಜಡೆ, ಉಜ್ಜಿಕೊಳ್ಳುತ್ತಿದ್ದ ಮೊಣಕೈ, ಎಲ್ಲವನ್ನೂ, ಅಚ್ಚಿನ ಅಂಚು ಪರೀಕ್ಷಿಸುವವನಂತೆ. "ಹೂಂ," ಅಂದ. "ಇದು ನಿಜ." ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಹತ್ತಿದ. ಬಾಡಿಗೆಯವನೂ ಹಿಂದೆ ಹೋದ.

ನಾನು ಸ್ವಿಚ್ಚಿನ ಹತ್ತಿರ ಹೋಗಿ ಮೋಟರ್ ಹಾಕಿದೆ. 'ಬೇಡ, ನಾನು ಹೋಗ್ತೀನಿ' ಎಂಬ ಮಾತು ಬಾಯಿಯವರೆಗೂ ಬಂದಿತ್ತು. ನುಂಗಿದೆ. ಅದನ್ನು ಆಡಿದ್ದರೆ ಏಳು–ಐದು ಸುಳ್ಳಾಗುತ್ತಿತ್ತು. ಗಡಿಯಾರ ನೋಡುತ್ತಾ ನಿಂತೆ. ಹತ್ತು ನಿಮಿಷ. ಹನ್ನೊಂದು. ಏನೂ ಕೇಳಿಸಲಿಲ್ಲ. ಹನ್ನೆರಡು. ಮೊಣಕೈಯ ನೋವು ಮರೆತುಹೋಯಿತು. ಅಮ್ಮನೂ ಬಂದು ನನ್ನ ಪಕ್ಕ ನಿಂತಳು. ನಾನು ಸ್ವಿಚ್ಚು ಬಿಟ್ಟು ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಟ್ಯಾಂಕಿನ ಕೊಳವೆಯಿಂದ ಧೋ ಎಂದು ನೀರು ಸುರಿದು ಅಂಗಳದ ಮೆಣಸಿನಕಾಯಿಯೆಲ್ಲ ತೇಲಿತು.

"ತುಂಬ್ತು!" ಎಂದು ಮೇಲಿನಿಂದ ಕೇಳಿಸಿತು. "ತುಂಬ್ತು, ತುಂಬ್ತು, ಆಫ್ ಮಾಡೇ!"

ನಿಲ್ಲಿಸಿದೆ. ಸ್ವಿಚ್ಚಿನ ಪಕ್ಕದ ಗೋಡೆಗೆ ಒರಗಿಕೊಂಡೆ. ನಿಂತು ಆಡಿದ್ದರಿಂದ ಇರಬೇಕು. ಅಮ್ಮ ಮೇಲೆ ನೋಡುತ್ತಾ, "ಅಯ್ಯೋ ನಿನ್ ಮನೆ ಕಾಯ್ವಾಗ, ನನ್ ಮೆಣಸ್ನಕಾಯೆಲ್ಲ ಓಯ್ತಲ್ಲೋ!" ಎಂದು ಬೈಯಲು ಶುರುಮಾಡಿದಳು. ಬೇಕರಿಗೂ ಕೇಳುವಂತಿತ್ತು.

ಅಣ್ಣ ಯಾವ ಕೈಗೂ ಗಾಯ ಮಾಡಿಕೊಳ್ಳದೆ ಇಳಿದು ಬಂದ. ಮೇಲೆ ಇಷ್ಟು ಹೊತ್ತೂ ಅವನು ಅಂಪೈರಿನ ಜೊತೆ ಕೊನೆಯ ಅಂಕದ ಬಗ್ಗೆ ಜಗಳವಾಡುತ್ತಿದ್ದನಂತೆ.

"ಲೇ, ನಿನ್ ಲಾಸ್ಟ್ ಶಾಟು ಔಟು," ಅಂದ. "ಶೋಕೇಸಿಗೆ ಮೊಣಕೈ ಬಡೀತಲ್ಲ, ಆ ಏಟಿಗೆ ಕೋಲು ಅದುರಿ ಚೆಂಡು ಒಳಗ್ ಬಿತ್ತು. ಇನ್‌ಸ್ಟ್ರುಮೆಂಟ್ ಎರರ್ರು."

ನಾನು ಆಗಲೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತಾಗಿತ್ತು. ಕೋಲನ್ನು ತಿರುಗಿಸಿ ಹಸಿರು ಚೀಟಿ ಕಾಣುವಂತೆ ಅವನ ಕಡೆಗೆ ಹಿಡಿದೆ.